ಹೊಸ ನೀರಿಗೆ ಇಳಿಯುವ ಮೊದಲು

ಮೇ ತಿಂಗಳ ಕೊನೆಯ ವಾರ. ರಾತ್ರಿ ಇಡೀ ಗುಡುಗು, ಮಿಂಚು, ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಉಡುಪಿ ಹತ್ತಿರದ ನಮ್ಮೂರ ಕೆರೆಯಲ್ಲಿ ಎರಡು ಮೆಟ್ಟಿಲು ಮುಳುಗುವಷ್ಟು ನೀರು ಏರಿತ್ತು. ಬಣ್ಣ ಮಾತ್ರ ಚಹಾದ ಹಾಗೆ. ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಅಕ್ಕಪಕ್ಕದ ಮಕ್ಕಳನ್ನು ಕಟ್ಟಿಕೊಂಡು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದ. "ಹೊಸ ನೀರು ಮಕ್ಕಳೇ, ನಾಲ್ಕು ದಿನ ಬಿಡಿ" ಅಂತ ಅಮ್ಮ ಚಾವಡಿಯಿಂದಲೇ ಕೂಗಿದರು. ಮಕ್ಕಳು ಕೇಳಲಿಲ್ಲ. ನಾನೂ ತಡೆಯಲಿಲ್ಲ. ಸೆಕೆಗೆ ಬೆಂದು ಹೋಗಿದ್ದಾರೆ, ಸ್ವಲ್ಪ ಹೊತ್ತು ಆಡಲಿ ಅಂದುಕೊಂಡೆ.

ಮೂರನೇ ದಿನ ಅವನಿಗೆ ವಾಂತಿ, ಭೇದಿ. ಪಕ್ಕದ ಮನೆಯ ಇಬ್ಬರಿಗೂ ಅದೇ. ಹೊಟ್ಟೆ ಸರಿಯಾಯಿತು ಅನ್ನುವಷ್ಟರಲ್ಲಿ ಕಿವಿ ನೋವು ಶುರು. "ಚಿಕ್ಕಮ್ಮ, ಕಿವಿ ಮುಟ್ಬೇಡ" ಅಂತ ದಿಂಬಿಗೆ ತಲೆ ಇಡಲೂ ಆಗದೆ ಕೂತಿದ್ದ. ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಈಜಿದ್ದು ಮಳೆಗೆ ಮುಂಚೆಯಾ, ಮಳೆ ಬಂದ ಮೇಲಾ?"

ಅಮ್ಮ ಹೇಳಿದ್ದೂ ಅದನ್ನೇ ಅಲ್ವಾ? ಆಮೇಲೆ ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದೆ. ಕೆರೆಯಲ್ಲಿ ಈಜುವವರಿಗೆ ಇದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿಲ್ಲ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಹೊಸ ನೀರಲ್ಲಿ ಏನಿರುತ್ತದೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನೆಲ ಒಣಗಿರುತ್ತದೆ. ಹಟ್ಟಿಯ ಸೆಗಣಿ, ಬೀದಿ ನಾಯಿಗಳ ಹೊಲಸು, ಇಲಿ ಹೆಗ್ಗಣಗಳ ಗಲೀಜು, ತೋಡಿನ ಬದಿಗೆ ಎಸೆದ ಕಸ, ಎಲ್ಲವೂ ನೆಲದ ಮೇಲೇ ಬಿದ್ದಿರುತ್ತದೆ. ಮೊದಲ ದೊಡ್ಡ ಮಳೆ ಅಷ್ಟನ್ನೂ ಒಂದೇ ರಾತ್ರಿ ಗುಡಿಸಿ ತೋಡಿಗೆ, ತೋಡಿನಿಂದ ಕೆರೆಗೆ ತಂದು ಹಾಕುತ್ತದೆ.

ನೆಲದ ಅಡಿಯಿಂದಲೂ ಬರುತ್ತದೆ. ಹಳ್ಳಿ ಕಡೆ ಹೆಚ್ಚಿನ ಮನೆಗಳ ಕಕ್ಕಸಿನ ನೀರು ಹೋಗುವುದು ಹಿತ್ತಲಿನ ಗುಂಡಿಗೆ. ಆ ಗುಂಡಿ ತೋಡಿರುವುದು ಮುರಕಲ್ಲಿನಲ್ಲಿ. ಮನೆ ಕಟ್ಟಲು ತಂದು ರಾಶಿ ಹಾಕಿದ ಮುರಕಲ್ಲನ್ನು ಹತ್ತಿರದಿಂದ ನೋಡಿ. ಮೈಯೆಲ್ಲ ತೂತು, ತೂತಿನೊಳಗೆ ಇನ್ನೊಂದು ತೂತು. ಒಂದು ಚೊಂಬು ನೀರು ಹೊಯ್ದರೆ ಕುಡಿದುಬಿಡುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಗುಂಡಿಯ ನೀರು ಇಂಥ ಸಂದುಗಳಲ್ಲಿ ತಗ್ಗಿನ ಕಡೆಗೆ ಬೇಗ ಬೇಗ ಸಾಗುತ್ತದೆ. ತಗ್ಗಿನಲ್ಲಿ ಇರುವುದು ಬಾವಿ, ಕೆರೆ, ಮದಗ.

ಕೆಂಪು ಬಣ್ಣ ತಾನಾಗಿ ಕೆಟ್ಟದ್ದಲ್ಲ. ಅದು ನಮ್ಮ ಮಣ್ಣಿನ ಬಣ್ಣ. ಆದರೆ ಕೆಸರು ತುಂಬಿದ ನೀರಿನೊಳಗೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಅದು ನಡೆಯಬೇಕಾದರೆ ಕೆಸರು ತಳಕ್ಕೆ ಕೂರಬೇಕು, ಒಂದೆರಡು ಒಳ್ಳೆಯ ಬಿಸಿಲು ಬೀಳಬೇಕು. ಅದಕ್ಕೇ ಕೆರೆಗಳ ದಡದಲ್ಲೇ ಬೀಚ್ ಮಾಡಿಕೊಂಡಿರುವ ದೇಶಗಳಲ್ಲಿ ಜೋರು ಮಳೆ ನಿಂತ ಮೇಲೆ ಎರಡು ಮೂರು ದಿನ ನೀರಿಗೆ ಇಳಿಯಬೇಡಿ ಅನ್ನುತ್ತಾರೆ. ಅಮ್ಮನ ಲೆಕ್ಕ ನಾಲ್ಕು ದಿನ. ನಾನು ಈಗ ಅಮ್ಮನ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ.

ಹಾಗಂತ ನೀರು ತಿಳಿಯಾದ ಕೂಡಲೇ ಶುದ್ಧವಾಯಿತು ಅಂತಲೂ ಅಲ್ಲ. ಒಂದು ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ತಳದ ಕಲ್ಲು ಕಾಣುವಷ್ಟು ತಿಳಿ ನೀರಲ್ಲೂ ಅವು ಲಕ್ಷಗಟ್ಟಲೆ ಇರಬಹುದು. ಕಣ್ಣು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಲ್ಯಾಬಿನಲ್ಲಿ ಏನನ್ನು ಎಣಿಸುತ್ತಾರೆ

ನೀರಿನಿಂದ ಬರುವ ರೋಗಗಳಿಗೆ ಕಾರಣವಾಗುವ ಜೀವಿಗಳು ಒಂದೆರಡಲ್ಲ. ಒಂದೊಂದನ್ನೂ ಹುಡುಕುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ, ಖರ್ಚೂ ಜಾಸ್ತಿ. ಅದಕ್ಕೆ ಲ್ಯಾಬಿನವರು ಮನುಷ್ಯರ, ದನಕರುಗಳ ಮಲದಲ್ಲಿ ಯಾವಾಗಲೂ ಇರುವ ಕೆಲವು ಬ್ಯಾಕ್ಟೀರಿಯಾಗಳನ್ನು ಮಾತ್ರ ಎಣಿಸುತ್ತಾರೆ. ಫೀಕಲ್ ಕೋಲಿಫಾರ್ಮ್ ಅನ್ನುವುದು ಆ ಗುಂಪಿನ ಹೆಸರು, ಇ. ಕೊಲೈ ಅದರಲ್ಲಿ ಮುಖ್ಯವಾದದ್ದು. ಇವುಗಳಲ್ಲಿ ಹೆಚ್ಚಿನವು ನಮಗೆ ಏನೂ ಮಾಡುವುದಿಲ್ಲ. ಆದರೆ ಅವು ಇವೆ ಅಂದರೆ ಮಲ ಸೇರಿದೆ, ಮಲ ಸೇರಿದೆ ಅಂದರೆ ಅದರ ಜೊತೆ ಬರುವ ರೋಗಾಣುಗಳೂ ಇರಬಹುದು. ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ನೋಡಿ ಒಳಗೆ ಎಷ್ಟು ಜನ ನೆಂಟರಿದ್ದಾರೆ ಅಂತ ಅಂದಾಜು ಮಾಡುತ್ತೇವಲ್ಲ, ಹಾಗೆ.

ಸ್ಯಾಂಪಲ್ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಕುದಿಸಿ ಸೋಂಕು ತೆಗೆದ ಬಾಟಲಿ ಬೇಕು. ಜನ ನಿಜವಾಗಿ ಈಜುವ ಜಾಗಕ್ಕೇ ಹೋಗಬೇಕು, ಮೇಲಿನ ಪದರವನ್ನು ಬಿಟ್ಟು ಒಂದಡಿ ಆಳದಲ್ಲಿ ಬಾಟಲಿ ತೆರೆಯಬೇಕು. ಬಾಯಿಯ ಒಳಭಾಗಕ್ಕೆ ಬೆರಳು ತಾಗಬಾರದು. ತುಂಬಿದ ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಲ್ಯಾಬಿಗೆ ಮುಟ್ಟಿಸಬೇಕು. ಅಲ್ಲಿ ಅದನ್ನು ಬೆಚ್ಚಗಿಟ್ಟು ಬೆಳೆಯಲು ಬಿಡುತ್ತಾರೆ, ಆಮೇಲೆ ಲೆಕ್ಕ.

ಲೆಕ್ಕ ಬರುವುದು 100 ಮಿಲಿಲೀಟರಿಗೆ ಎಷ್ಟು ಅಂತ. ಅಂದರೆ ಒಂದು ಸಣ್ಣ ಲೋಟದಷ್ಟು ನೀರಿಗೆ. ಕುಡಿಯುವ ನೀರಾದರೆ ಅಷ್ಟರಲ್ಲಿ ಒಂದೂ ಇರಬಾರದು. ಹೊರಗೆ ಸ್ನಾನ ಮಾಡುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಬೇರೆ: ಫೀಕಲ್ ಕೋಲಿಫಾರ್ಮ್ 500ರ ಒಳಗಿದ್ದರೆ ಒಳ್ಳೆಯದು, 2,500 ದಾಟಲೇಬಾರದು. ಬ್ಲೂ ಫ್ಲ್ಯಾಗ್ ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ. ಅಂಥ ಬೀಚುಗಳ ನಿಯಮ ಇನ್ನೂ ಬಿಗಿ. ಕಡಲ ತೀರದಲ್ಲಿ ಇ. ಕೊಲೈ 250 ದಾಟಬಾರದು. ಕೆರೆ ನದಿಗಳ ದಡದ ಬೀಚಾದರೆ 500. ನಮ್ಮ ಪಡುಬಿದ್ರಿ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅಲ್ಲಿ ಹಾರುವ ಆ ನೀಲಿ ಬಾವುಟದ ಹಿಂದೆ ಇಂಥ ಲೆಕ್ಕಗಳೂ ಇವೆ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದಾದ, ಒಳಗೆ ರಾಸಾಯನಿಕ ಹಾಕಿದ ಒಂದು ಬಾಟಲಿಯೂ ಇದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲಿನ ಅಂತ ಅರ್ಥ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು, ಬಾವಿ ನೀರಿಗೆ ತುಂಬಾ ಉಪಯೋಗ. ಆದರೆ ತೆರೆದ ಕೆರೆಯ ನೀರು ಇದರಲ್ಲಿ ಹೆಚ್ಚುಕಡಿಮೆ ಯಾವಾಗಲೂ ಕಪ್ಪೇ ಆಗುತ್ತದೆ. ಕೆರೆಗೆ 'ಇದೆಯಾ ಇಲ್ಲವಾ' ಅನ್ನುವ ಉತ್ತರ ಸಾಲದು, 'ಎಷ್ಟಿದೆ' ಅನ್ನುವುದು ಬೇಕು.

ಈ ಪರೀಕ್ಷೆಗಳಿಗೆಲ್ಲ ಒಂದು ದೊಡ್ಡ ಮಿತಿ ಇದೆ. ಬ್ಯಾಕ್ಟೀರಿಯಾ ಬೆಳೆದು ಎಣಿಕೆಗೆ ಸಿಗಲು ಕಡಿಮೆ ಅಂದರೂ ಒಂದು ದಿನ ಬೇಕು. ಸೋಮವಾರ ತುಂಬಿಸಿದ ಬಾಟಲಿಯ ಉತ್ತರ ಮಂಗಳವಾರವೋ ಬುಧವಾರವೋ ಬರುತ್ತದೆ. ನಡುವೆ ಒಂದು ಮಳೆ ಬಿದ್ದರೆ ಆ ಉತ್ತರ ಹಳೆಯದಾಯಿತು. ನಿನ್ನೆ ಚೆನ್ನಾಗಿದ್ದ ಕೆರೆ ಇವತ್ತು ಚೆನ್ನಾಗಿರಬೇಕೆಂದಿಲ್ಲ. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಮಾಡಿದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ಕೆರೆಗೆ ಎಲ್ಲಿಂದ ಕೊಳಕು ಬರುತ್ತಿದೆ ಅಂತ ಗೊತ್ತಾಗುತ್ತದೆ, ಅದನ್ನು ನಿಲ್ಲಿಸಬಹುದು. ಆದರೆ ಇವತ್ತು ಬೆಳಿಗ್ಗೆ ಇಳಿಯಬಹುದಾ ಅನ್ನುವುದಕ್ಕೆ ಆಕಾಶವನ್ನೂ ತೋಡನ್ನೂ ನೋಡಬೇಕು.

ಕಡಲು ಬೇರೆ, ಕೆರೆ ಬೇರೆ

ಬೀಚ್ ಅಂದ ಕೂಡಲೇ ನಮಗೆ ನೆನಪಾಗುವುದು ಮಲ್ಪೆ, ಕಾಪು, ಪಣಂಬೂರು, ತಣ್ಣೀರುಬಾವಿ. ಪಿಲಿಕುಳ, ಮಣ್ಣಪಳ್ಳದಂಥ ಕೆರೆಗಳಿಗೆ ಹೋಗುವುದು ದೋಣಿಗೆ, ವಾಕಿಂಗ್‌ಗೆ. ಆದರೆ ಯೋಚನೆ ಮಾಡಿ, ನಮ್ಮಲ್ಲಿ ಎಷ್ಟು ಜನ ಈಜು ಕಲಿತದ್ದು ಕಡಲಲ್ಲಿ? ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಕಲಿತದ್ದು ಮನೆ ಹತ್ತಿರದ ಕೆರೆಯಲ್ಲಿ, ಇಲ್ಲ ಹೊಳೆಯಲ್ಲಿ. ಈಗ ಬೇಸಿಗೆಯಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಹಿಂದೆ ನಿಲ್ಲುವ ನೀರಿಗೂ ಮಕ್ಕಳು ಹೋಗುತ್ತಾರೆ. ಹಲಗೆ ಹಾಕಿದ ದಿನದಿಂದ ಆ ಹೊಳೆ ಕೆರೆಯೇ ಆಯಿತು ಅನ್ನಿ.

ಕಡಲ ನೀರಲ್ಲಿ ಉಪ್ಪಿದೆ, ಅಲೆ ಇದೆ, ಉಬ್ಬರ ಇಳಿತ ಇದೆ. ಬಂದ ಕೊಳಕು ಚದುರುತ್ತದೆ, ಉಪ್ಪಿಗೆ ಎಷ್ಟೋ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ. ಕೆರೆಯಲ್ಲಿ ಬಂದದ್ದು ಅಲ್ಲೇ ಉಳಿಯುತ್ತದೆ. ಈಜುಕೊಳದ ಹಾಗೆ ಕ್ಲೋರಿನ್ ಹಾಕುವವರೂ ಇಲ್ಲ. ದಡದ ಹತ್ತಿರದ ಮೊಣಕಾಲು ಮಟ್ಟದ ನೀರು ನೋಡಲು ಸುರಕ್ಷಿತ ಅನ್ನಿಸುತ್ತದೆ, ಆದರೆ ಬೆಚ್ಚಗಿರುವುದು, ಕದಡುವುದು, ಕೊಳಕು ಜಾಸ್ತಿ ಇರುವುದು ಅಲ್ಲೇ. ಚಿಕ್ಕ ಮಕ್ಕಳು ಕೂತು ಆಡುವುದೂ ಅಲ್ಲೇ. ಮಕ್ಕಳು ಈಜುವಾಗ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ನೀರು ನುಂಗುತ್ತಾರೆ ಅಂತ ಅಳೆದು ನೋಡಿದವರು ಕಂಡುಕೊಂಡಿದ್ದಾರೆ. ಮೂರನೇ ದಿನದ ವಾಂತಿ ಭೇದಿ ಎಲ್ಲಿಂದ ಬಂತು ಅಂತ ಈಗ ಹೇಳಬೇಕಾಗಿಲ್ಲ.

ಕಿವಿಯದ್ದು ಬೇರೆ ಕಥೆ. ಅಲ್ಲಿ ನೀರು ನಿಂತು ಒಳಗಿನ ಚರ್ಮ ಮೆತ್ತಗಾಗುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದಾಗ ನೋವು ಜಾಸ್ತಿಯಾದರೆ ಹೆಚ್ಚಾಗಿ ಇದೇ. ಈಜಿ ಬಂದ ಮೇಲೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೀರು ಇಳಿಸಿ, ಟವೆಲಿನಿಂದ ಹೊರಗೆ ಒರೆಸಿದರೆ ಸಾಕು. ಕಡ್ಡಿ ಹಾಕಿ ಗುಗ್ಗೆ ತೆಗೆಯಬೇಡಿ, ಆ ಗುಗ್ಗೆಯೇ ಕಿವಿಗೆ ಕಾವಲು. ನೋವು ಬಂದ ಮೇಲೆ ಬೆಚ್ಚಗಿನ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ದಯವಿಟ್ಟು ಬೇಡ. ತಮಟೆಗೆ ತೂತಾಗಿದೆಯೋ ಇಲ್ಲವೋ ಅಂತ ಡಾಕ್ಟರು ನೋಡಿದ ಮೇಲೆ ಅವರು ಕೊಟ್ಟ ಹನಿ ಹಾಕಿ.

ಇಲಿಜ್ವರ

ನನಗೆ ಹೆಚ್ಚು ಭಯ ಇರುವುದು ಇದರದ್ದೇ. ಕರಾವಳಿಯವರಿಗೆ ಇಲಿಜ್ವರ ಹೊಸ ಹೆಸರಲ್ಲ. ಗದ್ದೆಗೆ ಇಳಿಯುವವರಿಗೆ, ತೋಟದ ಕೆಲಸದವರಿಗೆ, ಚರಂಡಿ ಸ್ವಚ್ಛ ಮಾಡುವವರಿಗೆ ಬರುವ ಕಾಯಿಲೆ ಅಂತ ನಾವು ತಿಳಿದಿದ್ದೇವೆ. ಈಜುವವರಿಗೂ ಬರುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇದರ ಬ್ಯಾಕ್ಟೀರಿಯಾದ ಹೆಸರು ಲೆಪ್ಟೊಸ್ಪೈರಾ. ಇಲಿ, ಹೆಗ್ಗಣ, ನಾಯಿ, ದನ, ಹಂದಿಗಳ ಮೂತ್ರದಲ್ಲಿ ಹೊರಬರುತ್ತದೆ. ಸಿಹಿನೀರಲ್ಲಿ, ಒದ್ದೆ ಮಣ್ಣಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಅದಕ್ಕೆ ಬಾಯಿಯೇ ಬೇಕೆಂದಿಲ್ಲ. ಕಾಲಿನ ಸಣ್ಣ ಗಾಯ ಸಾಕು, ಬಹಳ ಹೊತ್ತು ನೀರಲ್ಲಿ ನೆಂದು ಸುಕ್ಕುಗಟ್ಟಿದ ಚರ್ಮ ಸಾಕು, ಕಣ್ಣು ಮೂಗಿನ ಒಳಪೊರೆ ಸಾಕು.

1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದು ದೊಡ್ಡ ಸ್ಪರ್ಧೆ ನಡೆಯಿತು. ಕೆರೆಯಲ್ಲಿ ಈಜಿ, ಸೈಕಲ್ ತುಳಿದು, ಓಡಿ ಮುಗಿಸುವ ಟ್ರಯಾಥ್ಲಾನ್. ಅದಕ್ಕೆ ಮುಂಚೆ ಅಲ್ಲಿ ಜೋರು ಮಳೆ ಬಿದ್ದಿತ್ತು. ಆಮೇಲೆ ಆರೋಗ್ಯ ಇಲಾಖೆಯವರು 834 ಸ್ಪರ್ಧಿಗಳನ್ನು ವಿಚಾರಿಸಿದಾಗ 98 ಜನ ಕಾಯಿಲೆ ಬಿದ್ದದ್ದು ಗೊತ್ತಾಯಿತು. ರೋಗ ಯಾವುದು ಅಂತ ಹುಡುಕಿದರೆ ಇದೇ ಇಲಿಜ್ವರ. ಕೆರೆ ನೀರು ನುಂಗಿದವರಲ್ಲಿ ಜಾಸ್ತಿ. ಅವರೆಲ್ಲ ಗಟ್ಟಿಮುಟ್ಟಾದ ಕ್ರೀಡಾಪಟುಗಳು. ಮಳೆ, ಕೆರೆ, ಈಜು ಮೂರೂ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕಿಲ್ಲ.

ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ ಜ್ವರ ಬರುತ್ತದೆ, ಕೆಲವರಿಗೆ ತಿಂಗಳ ಹೊತ್ತಿಗೆ. ತಲೆನೋವು, ಮೈಕೈ ನೋವು, ಮುಖ್ಯವಾಗಿ ಕಾಲಿನ ಮೀನಖಂಡದಲ್ಲಿ ಮುಟ್ಟಿದರೆ ನೋವು, ಕಣ್ಣು ಕೆಂಪು. ಶುರುವಿನಲ್ಲೇ ಗೊತ್ತಾದರೆ ಔಷಧಿ ಇದೆ. ಸುಮ್ನೆ ಜ್ವರ ಅಂತ ಪ್ಯಾರಾಸಿಟಮಾಲ್ ನುಂಗಿ ಕೂತರೆ ಕಾಮಾಲೆ, ಮೂತ್ರಪಿಂಡದ ತೊಂದರೆ, ಜೀವಕ್ಕೇ ಅಪಾಯ. ಕೆಸರಲ್ಲಿ ಕೆಲಸ ಮಾಡುವವರಿಗೆ ವೈದ್ಯರು ಕೆಲವೊಮ್ಮೆ ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಅದನ್ನು ಈಜಲು ಹೋಗುವ ಮೊದಲು ನಾವೇ ಮೆಡಿಕಲ್‌ನಿಂದ ತಂದು ನುಂಗುವುದಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ಮೆಲಿಯಾಯ್ಡೋಸಿಸ್ ಅನ್ನುವ ಸೋಂಕು ನಮ್ಮ ಭಾಗದ ಮಣ್ಣಿನಲ್ಲಿ, ಕೆಸರು ನೀರಲ್ಲಿ ಇದೆ. ಮಣಿಪಾಲದ ವೈದ್ಯರು ವರ್ಷಗಳಿಂದ ಇದರ ಬಗ್ಗೆ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ಅಪಾಯ. ಕಾಲಲ್ಲಿ ಗಾಯ ಇದ್ದರೆ ಮಳೆಗಾಲದ ಕೆರೆಗೆ ಇಳಿಯಲೇಬೇಡಿ. ಆಟಿ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಹೋಗುವ ಹಿರಿಯರಿಗೂ ನಾನು ಇದನ್ನೇ ಹೇಳುವುದು. ಗಾಯ ಇರುವ ವರ್ಷ ಕೆರೆಗೆ ಇಳಿಯುವ ಬದಲು ತೀರ್ಥ ಪ್ರೋಕ್ಷಣೆ ಮಾಡಿಸಿಕೊಂಡರೆ ಆಯಿತು.

ಮೂಗು ಮತ್ತು ಅಮೀಬಾ

ಕೇರಳದಲ್ಲಿ ಅಮೀಬಾ ಸೋಂಕಿನಿಂದ ಜನ ಸತ್ತ ಸುದ್ದಿ ಕೇಳಿ ಎಲ್ಲರೂ ಹೆದರಿದ್ದಾರೆ. ಮಿದುಳು ತಿನ್ನುವ ಅಮೀಬಾ ಅಂತ ಕರೆಯುವ ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಲ್ಲಿ, ತಳದ ಕೆಸರಲ್ಲಿ ಇರುತ್ತದೆ. ಉಪ್ಪುನೀರಲ್ಲಿ ಇರುವುದಿಲ್ಲ. ನೀರು ಕುಡಿದರೆ ಇದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದಕ್ಕೆ ಇರುವುದು ಒಂದೇ ದಾರಿ: ನೀರು ರಭಸದಿಂದ ಮೂಗಿನೊಳಗೆ ಮೇಲಕ್ಕೆ ಹೋಗಬೇಕು. ಅಲ್ಲಿಂದ ಅದು ಮಿದುಳಿಗೆ ಹತ್ತುತ್ತದೆ.

ಕಾಯಿಲೆ ತೀರಾ ಅಪರೂಪ, ಆದರೆ ಬಂದವರಲ್ಲಿ ಉಳಿಯುವವರು ಬೆರಳೆಣಿಕೆ. 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬದುಕಿದ, ಬೇಗ ಆಸ್ಪತ್ರೆಗೆ ತಂದದ್ದೇ ಅವನನ್ನು ಉಳಿಸಿತು. ಈಜಿದ ಹನ್ನೆರಡು ದಿನಗಳ ಒಳಗೆ ಸಹಿಸಲಾಗದ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಒಂದು ಗಂಟೆಯೂ ಕಾಯಬಾರದು.

ತಡೆಯುವುದು ಮಾತ್ರ ಸುಲಭ. ಏಪ್ರಿಲ್ ಮೇ ತಿಂಗಳಲ್ಲಿ ನೀರು ಕಡಿಮೆಯಾಗಿ ಬೆಚ್ಚಗಾದ ಕೆರೆಗೆ ಹಾರಬೇಡಿ. ಮುಳುಗುವಾಗ ಮೂಗು ಹಿಡಿದುಕೊಳ್ಳಿ, ಇಲ್ಲ ಮೂಗಿಗೆ ಹಾಕುವ ಕ್ಲಿಪ್ ಬಳಸಿ. ತಲೆ ನೀರಿನ ಮೇಲಿಟ್ಟು ಈಜಿ. ತಳದ ಕೆಸರನ್ನು ಕಾಲಿನಿಂದ ಕದಡಬೇಡಿ.

ಹಸಿರು ನೀರನ್ನು ಜಾಡಿಯಲ್ಲಿ ನೋಡುವುದು

ಬೇಸಿಗೆಯಲ್ಲಿ ಕೆಲವು ಕೆರೆಗಳ ಮೇಲೆ ಹಸಿರು ಬಣ್ಣದ ಡಬ್ಬಿ ಚೆಲ್ಲಿದ ಹಾಗೆ ಪದರ ಕಟ್ಟುತ್ತದೆ. ಎಲ್ಲಾ ಹಸಿರೂ ಕೆಟ್ಟದ್ದಲ್ಲ, ಆದರೆ ನೀಲಿ ಹಸಿರು ಪಾಚಿ ಅನ್ನುವ ಸಯಾನೋಬ್ಯಾಕ್ಟೀರಿಯಾ ಕೆಲವೊಮ್ಮೆ ವಿಷ ಬಿಡುತ್ತದೆ. ಅದು ಮೈಗೆ ತುರಿಕೆ, ಹೊಟ್ಟೆಗೆ ಹೋದರೆ ವಾಂತಿ, ಯಕೃತ್ತಿಗೆ ಹಾನಿ ಮಾಡಬಹುದು. ಆ ನೀರು ಕುಡಿದು ನಾಯಿ, ದನ ಸತ್ತದ್ದೂ ಇದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ.

ನಾನು ಮಾಡಿ ನೋಡಿದ ಒಂದು ಪರೀಕ್ಷೆ ಹೇಳುತ್ತೇನೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಹಳೆಯ ಗಾಜಿನ ಜಾಡಿಯೊಂದರಲ್ಲಿ ಮುಕ್ಕಾಲು ಭಾಗ ಕೆರೆ ನೀರು ತುಂಬಿದೆ. ಮುಚ್ಚಳ ಹಾಕಿ, ಚೀಲದಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಅಲುಗಾಡದ ಹಾಗೆ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ತೆಗೆದಾಗ ಹಸಿರೆಲ್ಲ ಜಾಡಿಯ ತಳಕ್ಕೆ ಕೂತಿತ್ತು, ಮೇಲೆ ನೀರು ತಿಳಿಯಾಗಿತ್ತು. ಹಾಗಿದ್ದರೆ ಸಾಮಾನ್ಯವಾಗಿ ಅದು ಬರೀ ಪಾಚಿ. ಹಸಿರು ಮೇಲೆ ತೇಲಿ ಬಾಯಿಯ ಹತ್ತಿರ ಉಂಗುರದ ಹಾಗೆ ಕಟ್ಟಿದ್ದರೆ ನೀಲಿ ಹಸಿರು ಪಾಚಿ ಇರುವ ಸಂಭವ ಹೆಚ್ಚು. ಇನ್ನೂ ಸುಲಭದ್ದು ಕೋಲು. ಕೋಲಿನಲ್ಲಿ ಎತ್ತಿದಾಗ ಕೂದಲಿನ ಎಳೆಯ ಹಾಗೆ ಜೋತು ಬಿದ್ದರೆ ಪಾಚಿ, ಪೈಂಟಿನಲ್ಲಿ ಅದ್ದಿದ ಹಾಗೆ ಕೋಲಿಗೆ ಬಳಿದುಕೊಂಡರೆ ದೂರ ಇರಿ. ಇದು ಲ್ಯಾಬಿನ ಪರೀಕ್ಷೆಗೆ ಸಮ ಅಲ್ಲ. ಅನುಮಾನ ಇದ್ದರೆ ಇಳಿಯದೇ ಇರುವುದಕ್ಕೆ ಸಾಕು.

ಈ ಪಾಚಿಗೆ ಊಟ ಹಾಕುವವರು ನಾವೇ. ತೋಟದ ಗೊಬ್ಬರ ತೊಳೆದು ಬರುವ ನೀರು, ಹಟ್ಟಿ ನೀರು, ಕೆರೆಯಲ್ಲೇ ಬಟ್ಟೆ ಒಗೆದ ಸೋಪು.

ನಮ್ಮಿಂದ ಕೆರೆಗೆ

ಇಷ್ಟು ಹೊತ್ತು ಕೆರೆಯಿಂದ ನಮಗೆ ಏನು ಬರುತ್ತದೆ ಅಂತ ಹೇಳಿದೆ. ನಮ್ಮಿಂದ ಕೆರೆಗೆ ಹೋಗುವುದೂ ಕಡಿಮೆ ಏನಲ್ಲ. ಭೇದಿ ಇರುವ ಒಬ್ಬ ಹುಡುಗ ನೀರಿಗೆ ಇಳಿದರೆ ಉಳಿದವರಿಗೆಲ್ಲ ಹಂಚಿದ ಹಾಗೆ. ಭೇದಿ ನಿಂತ ಮೇಲೂ ಕೆಲವು ರೋಗಾಣುಗಳು ಮಲದಲ್ಲಿ ಬರುತ್ತಲೇ ಇರುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಅನ್ನುವುದಂತೂ ಎರಡು ವಾರದವರೆಗೆ ಬರಬಹುದು, ಕ್ಲೋರಿನ್‌ಗೂ ಬೇಗ ಸಾಯುವುದಿಲ್ಲ. ಅದಕ್ಕೇ ಭೇದಿ ಆದ ಮಗುವನ್ನು ಅದು ನಿಂತ ಮೇಲೂ ಎರಡು ವಾರ ನೀರಿಗೆ ಬಿಡಬಾರದು. ಆ ಮೇ ತಿಂಗಳಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ. ಹೊಟ್ಟೆ ಸರಿಯಾಯಿತು ಅಂತ ಪಕ್ಕದ ಮನೆಯ ಮಕ್ಕಳನ್ನು ಮರುದಿನವೇ ಮತ್ತೆ ಕೆರೆಗೆ ಬಿಟ್ಟೆವು.

ಡಯಾಪರ್ ಹಾಕಿದ ಮಗುವನ್ನು ಕೆರೆಯಲ್ಲಿ ಕೂರಿಸುವುದು ಬೇಡ, ಡಯಾಪರ್ ಏನನ್ನೂ ತಡೆಯುವುದಿಲ್ಲ. ಇಳಿಯುವ ಮೊದಲು ಬಕೆಟ್ ನೀರಲ್ಲಿ ಮೈ ತೊಳೆದುಕೊಂಡರೆ ಒಳ್ಳೆಯದು. ದೇವಸ್ಥಾನದ ಕೆರೆಗೆ ಇಳಿಯುವ ಮೊದಲು ಕಾಲು ತೊಳೆಯುವ, ಅಲ್ಲಿ ಸೋಪು ಹಾಕದೇ ಇರುವ ಕ್ರಮ ಹಿರಿಯರಿಗೆ ಇತ್ತು. ಅದನ್ನು ಎಲ್ಲಾ ಕೆರೆಗೂ ಇಟ್ಟುಕೊಳ್ಳಬಹುದು. ಈಜಿ ಬಂದ ಮೇಲೆ ಒಳ್ಳೆ ನೀರಲ್ಲಿ ಸ್ನಾನ, ತಿನ್ನುವ ಮೊದಲು ಸೋಪಿನಿಂದ ಕೈ ತೊಳೆಯುವುದು. ಕೆರೆ ದಡದಲ್ಲೇ ಒದ್ದೆ ಕೈಯಲ್ಲಿ ಚುರುಮುರಿ ತಿನ್ನುವ ಖುಷಿ ನನಗೂ ಗೊತ್ತು, ಆದರೂ.

ಈಜಿದ ಮೇಲೆ ಒಂದು ತಿಂಗಳ ಒಳಗೆ ಜ್ವರ ಬಂದರೆ ಡಾಕ್ಟರು ಕೇಳುವವರೆಗೆ ಕಾಯಬೇಡಿ. ಒಳಗೆ ಹೋದ ಕೂಡಲೇ "ಇಂಥ ದಿನ ಕೆರೆಗೆ ಇಳಿದಿದ್ದೆ" ಅಂತ ಹೇಳಿ. ಜ್ವರ ಅಂದರೆ ಡೆಂಗ್ಯೂ, ಮಲೇರಿಯಾ ಪರೀಕ್ಷೆ ಮಾಡುತ್ತಾರೆ. ಕೆರೆ ಅಂದರೆ ಇಲಿಜ್ವರವೂ ಅವರ ಮನಸ್ಸಿಗೆ ಬರುತ್ತದೆ. ಆ ಒಂದು ವಾಕ್ಯದಿಂದ ಎರಡು ಮೂರು ದಿನ ಉಳಿಯಬಹುದು.

ನಮ್ಮ ಕೆರೆಯ ಮೇಲಿನ ಮೆಟ್ಟಿಲಲ್ಲಿ ಈಗ ಸೀಮೆಸುಣ್ಣದಲ್ಲಿ ಕೊನೆಯ ಮಳೆಯ ತಾರೀಕು ಬರೆದಿಡುತ್ತೇವೆ. ಬರೆಯುವ ಕೆಲಸ ಮಕ್ಕಳದ್ದು. ಈಜಲು ಬಂದವರು ಮೊದಲು ಅದನ್ನು ನೋಡುತ್ತಾರೆ, ನಾಲ್ಕು ದಿನ ಎಣಿಸುತ್ತಾರೆ. ಬಂದಾಗ ತಾರೀಕು ಅಳಿಸಿ ಹೋಗಿದ್ದರೆ ಮತ್ತೆ ಮಳೆ ಬಂದಿದೆ ಅಂತ ಲೆಕ್ಕ. ಆ ದಿನ ಹೊಸ ತಾರೀಕು ಬರೆದು ಮನೆಗೆ ಹೋಗುತ್ತಾರೆ.